ಮೂರು ಬೆರಳಿನಷ್ಟು ದೂರ

ಹೋದ ಬೇಸಿಗೆಯಲ್ಲಿ ಒಂದು ರಾತ್ರಿ ನಮ್ಮ ಮನೆಯ ಓವರ್‌ಹೆಡ್ ಟ್ಯಾಂಕ್ ತುಂಬಿ ಹರಿಯಿತು. ಟ್ಯಾಂಕ್ ತುಂಬಿದ ಕೂಡಲೇ ಮೋಟಾರನ್ನು ತಾನಾಗಿ ನಿಲ್ಲಿಸುವ ಸಾಧನ ಹಾಕಿಸಿ ಮೂರು ವರ್ಷವಾಗಿತ್ತು. ಅದನ್ನೇ ನಂಬಿ ಮನೆಮಂದಿಯೆಲ್ಲ ಮಲಗಿದ್ದೆವು. ಬೆಳಗ್ಗೆ ಎದ್ದು ನೋಡಿದರೆ ಅಂಗಳವೆಲ್ಲ ಕೆಸರು, ಸಂಪ್ ಖಾಲಿ. ಓಣಿಯಲ್ಲಿ ಕೊಡ ಸಾಲಾಗಿ ಇಟ್ಟು ಟ್ಯಾಂಕರಿಗೆ ಕಾಯುತ್ತಿದ್ದವರ ಮುಂದೆ ತಲೆ ಎತ್ತಿ ನಡೆಯಲು ಆಗಲಿಲ್ಲ.

ಎಲೆಕ್ಟ್ರಿಷಿಯನ್ ಬಂದ. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ, ಚುರುಕು ಕೈ. “ಸೆನ್ಸರ್ ಹೋಗಿದೆ ಸಾರ್, ಹೊಸದು ಹಾಕ್ಬಿಡೋಣ” ಅಂದ. ಮೊದಲು ಹಳೆಯದನ್ನು ಬಿಚ್ಚಿ ಕೆಳಗೆ ತಾ, ನೋಡೋಣ ಅಂದೆ. ಪೆನ್ನಿಗಿಂತ ಸ್ವಲ್ಪ ದಪ್ಪನೆಯ ಪ್ಲಾಸ್ಟಿಕ್ ಕೊಳವೆ. ಅದರ ಸುತ್ತ ಬಳೆಯಂತೆ ಕೂತ, ನೀರಿನ ಜೊತೆ ಏರಿಳಿಯಬೇಕಾದ ಫ್ಲೋಟ್. ಬೋರ್‌ವೆಲ್ ನೀರಿನ ಗಡಸು ಕೊಳವೆಯ ಮೇಲೆ ಬಿಳಿ ಹೊಪ್ಪಳೆಯಾಗಿ ಕೂತುಬಿಟ್ಟಿತ್ತು. ಫ್ಲೋಟ್ ಅರ್ಧಕ್ಕೇ ಸಿಕ್ಕಿಕೊಂಡಿತ್ತು, ಬೆರಳಿಂದ ತಳ್ಳಿದರೂ ಅಲುಗಲಿಲ್ಲ. ಚಾಕುವಿನಿಂದ ಹೊಪ್ಪಳೆ ಕೆರೆದು, ಫ್ಲೋಟನ್ನು ಮೇಲೆ ಸರಿಸಿ, ಕೊಳವೆಯನ್ನು ಅವನ ಕಿವಿಗೆ ಹಿಡಿದೆ. ಒಳಗಿನಿಂದ ಸಣ್ಣಗೆ ‘ಟಿಕ್’ ಅಂತು. ಕೆಳಗೆ ಸರಿಸಿದಾಗ ಇನ್ನೊಂದು ‘ಟಿಕ್’.

“ಒಳಗೆ ಏನೋ ಇದೆ ಸಾರ್.”

“ಫ್ಲೋಟ್ ಒಳಗೆ ಮ್ಯಾಗ್ನೆಟ್ ಇದೆ. ಕೊಳವೆ ಒಳಗೆ ಅದಕ್ಕೆ ಸ್ಪಂದಿಸೋ ಸ್ವಿಚ್ ಇದೆ. ಸ್ವಿಚ್ ಚೆನ್ನಾಗಿದೆ. ಮ್ಯಾಗ್ನೆಟ್ ಅದರ ಹತ್ತಿರ ಹೋಗೋಕೇ ಆಗಿಲ್ಲ.”

ಅವನು ಸ್ವಲ್ಪ ಹೊತ್ತು ಅದನ್ನು ತಿರುಗಿಸಿ ನೋಡುತ್ತ ನಿಂತ. ಆಮೇಲೆ ಕೇಳಿದ: “ಹಾಗಾದ್ರೆ ಇದು ನೀರನ್ನ ನೋಡೋದೇ ಇಲ್ವಾ ಸಾರ್?”

ಆ ಹುಡುಗನ ಪ್ರಶ್ನೆಯೇ ಈ ಬರಹಕ್ಕೆ ಕಾರಣ. ಇಲ್ಲ, ಅದು ನೀರನ್ನು ನೋಡುವುದಿಲ್ಲ. ಆಯಸ್ಕಾಂತ ಹತ್ತಿರ ಬಂತೇ ಇಲ್ಲವೇ ಎಂಬುದೊಂದೇ ಅದಕ್ಕೆ ಗೊತ್ತು. ‘ನೀರು ತುಂಬಿತು’ ಎನ್ನುವ ಅರ್ಥವನ್ನು ಅದಕ್ಕೆ ಹಚ್ಚಿದವರು ನಾವು. ಇಂದು ಇಂಥ ಸೆನ್ಸರುಗಳು ನಮ್ಮ ಸುತ್ತ ಎಷ್ಟು ಕಡೆ ಕೂತಿವೆಯೆಂದರೆ, ಅವುಗಳ ಮಾತಿಗೂ ನಾವು ಹಚ್ಚುವ ಅರ್ಥಕ್ಕೂ ನಡುವಿನ ಅಂತರವನ್ನು ಎಲ್ಲರೂ ತಿಳಿದಿರಬೇಕು ಎನ್ನುವುದು ನನ್ನ ಅಭಿಪ್ರಾಯ. ಲ್ಯಾಪ್‌ಟಾಪಿನ ಮುಚ್ಚಳ ಹಾಕಿದರೆ ಪರದೆ ಆರುವುದು, ಬಾಗಿಲು ತೆರೆದರೆ ಅಲಾರಾಂ ಕೂಗುವುದು, ಸೈಕಲ್ಲಿನ ವೇಗ ಹ್ಯಾಂಡಲಿನ ಪುಟ್ಟ ಪರದೆಯಲ್ಲಿ ಕಾಣುವುದು, ಎಲೆಕ್ಟ್ರಿಕ್ ಸ್ಕೂಟರಿನ ಆಕ್ಸಿಲರೇಟರ್ ಎಷ್ಟು ತಿರುಗಿದೆ ಎಂದು ಗಾಡಿಗೆ ತಿಳಿಯುವುದು, ಸಾಮಾನ್ಯವಾಗಿ ಇವೆಲ್ಲದರ ಹಿಂದೆ ಇರುವುದು ಒಂದು ಆಯಸ್ಕಾಂತ ಮತ್ತು ಅದಕ್ಕೆ ಕಾದು ಕೂತ ಒಂದು ಅಗ್ಗದ ಸೆನ್ಸರ್.

ನಮ್ಮ ಟ್ಯಾಂಕಿನಲ್ಲಿದ್ದದ್ದು ಇವುಗಳಲ್ಲೇ ಸರಳವಾದದ್ದು, ರೀಡ್ ಸ್ವಿಚ್. ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಾಲಯದಲ್ಲಿ ವಾಲ್ಟರ್ ಎಲ್‌ವುಡ್ 1936ರಲ್ಲಿ ಇದನ್ನು ರೂಪಿಸಿದರು. ಮುಂದೆ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂತು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಗಾಜಿನ ನಳಿಕೆ. ಅದರೊಳಗೆ ಎರಡು ತುದಿಗಳಿಂದ ಚಾಚಿಕೊಂಡ, ನಿಕ್ಕಲ್ ಮತ್ತು ಕಬ್ಬಿಣ ಬೆರೆತ ಲೋಹದ ಎರಡು ತೆಳು ನಾಲಿಗೆಗಳು. ಅವುಗಳ ನಡುವೆ ಕೂದಲೆಳೆಯ ಸಂದು. ಆಯಸ್ಕಾಂತ ಬಳಿಗೆ ಬಂದರೆ ಆ ನಾಲಿಗೆಗಳೂ ಆ ಹೊತ್ತಿನ ಮಟ್ಟಿಗೆ ಆಯಸ್ಕಾಂತಗಳಾಗಿ ಒಂದನ್ನೊಂದು ಸೆಳೆದು ಕೂಡಿಕೊಳ್ಳುತ್ತವೆ. ಆಗ ಕೇಳಿಸುವುದೇ ಆ ‘ಟಿಕ್’. ಆಯಸ್ಕಾಂತ ದೂರ ಸರಿದರೆ ತಮ್ಮ ಸ್ಪ್ರಿಂಗಿನ ಗುಣದಿಂದ ಮತ್ತೆ ಬಿಟ್ಟುಕೊಳ್ಳುತ್ತವೆ. ಕಾಯುತ್ತ ಕೂರುವುದಕ್ಕೆ ಇದಕ್ಕೆ ಕರೆಂಟೇ ಬೇಡ. ವರ್ಷಗಟ್ಟಲೆ ಒಂದೇ ಪುಟ್ಟ ಬ್ಯಾಟರಿಯಲ್ಲಿ ನಡೆಯಬೇಕಾದ ಉಪಕರಣಗಳಲ್ಲಿ ಇಂದಿಗೂ ಇದನ್ನೇ ಹಾಕುವುದು ಇದೇ ಕಾರಣಕ್ಕೆ.

ಇದರ ದೌರ್ಬಲ್ಯಗಳೂ ಇದರ ಮೈಕಟ್ಟಿನಲ್ಲೇ ಇವೆ. ನಳಿಕೆಯಿಂದ ಹೊರಬಂದ ತಂತಿಯ ಕಾಲನ್ನು ಬುಡದಲ್ಲೇ ಬಗ್ಗಿಸಿದರೆ ಗಾಜು ಒಡೆಯುತ್ತದೆ. ಮೋಟಾರಿನ ಕರೆಂಟನ್ನು ನೇರವಾಗಿ ಇದರ ಮೂಲಕ ಹಾಯಿಸಿದರೆ ನಾಲಿಗೆಗಳು ಬೆಸುಗೆಯಾಗಿ ಅಂಟಿಕೊಳ್ಳುತ್ತವೆ. ನಡುವೆ ಮೋಟಾರಿನ ಕರೆಂಟನ್ನು ತಾನು ಹೊರುವ ರಿಲೇ ಇರಲೇಬೇಕು. ಕೂಡಿಕೊಳ್ಳುವ ಕ್ಷಣದಲ್ಲಿ ನಾಲಿಗೆಗಳು ಒಂದೆರಡು ಬಾರಿ ಪುಟಿಯುವುದರಿಂದ, ಲೆಕ್ಕ ಇಡುವ ಯಂತ್ರಕ್ಕೆ ಮೊದಲೇ ಹೇಳಿಕೊಡದಿದ್ದರೆ ಒಂದನ್ನು ಮೂರೆಂದು ಎಣಿಸಿಬಿಡುತ್ತದೆ. ಮತ್ತೂ ಒಂದು ವಿಚಿತ್ರವಿದೆ. ಆಯಸ್ಕಾಂತದ ಮುಖವನ್ನು ನಳಿಕೆಯ ನಟ್ಟನಡುವಿಗೆ ಲಂಬವಾಗಿ ಹಿಡಿದರೆ ಸ್ವಿಚ್ ಕೂಡಿಕೊಳ್ಳುವುದೇ ಇಲ್ಲ. ಚೂರು ಎಡಕ್ಕೋ ಬಲಕ್ಕೋ ಸರಿಸಿದರೆ ಕೂಡಲೇ ‘ಟಿಕ್’ ಅನ್ನುತ್ತದೆ. ಹತ್ತಿರವಿದ್ದರೆ ಸಾಲದು, ಯಾವ ದಿಕ್ಕಿಗೆ ಇದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಎರಡನೆಯ ಬಗೆ ಹಾಲ್ ಸೆನ್ಸರ್. ಇದರ ಹುಟ್ಟಿನ ಕತೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಕರೆಂಟ್ ಹರಿಯುವ ತಂತಿ ದಿಕ್ಸೂಚಿಯ ಮುಳ್ಳನ್ನು ಅಲುಗಿಸುತ್ತದೆ ಎಂದು ಡೆನ್ಮಾರ್ಕಿನ ಓರ್ಸ್ಟೆಡ್ 1820ರಲ್ಲಿ ಕಂಡಿದ್ದರು. ಆಯಸ್ಕಾಂತ ಕೂಡ ತಂತಿಯನ್ನು ತಳ್ಳುತ್ತದೆ. ಆದರೆ ತಳ್ಳುವುದು ತಂತಿಯ ಲೋಹವನ್ನೋ, ಅದರೊಳಗೆ ಹರಿಯುವ ಕರೆಂಟನ್ನೋ? ಲೋಹವನ್ನೇ ಎಂದು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ವಿದ್ಯುತ್ತು, ಕಾಂತಗಳ ಮೇಲಿನ ತಮ್ಮ ದೊಡ್ಡ ಗ್ರಂಥದಲ್ಲಿ ಬರೆದಿದ್ದರು. ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ, ಇನ್ನೂ ಇಪ್ಪತ್ತನಾಲ್ಕು ತುಂಬದ ಎಡ್ವಿನ್ ಹಾಲ್‌ಗೆ ಈ ಮಾತು ಸರಿ ಕಾಣಲಿಲ್ಲ. ಗುರು ಹೆನ್ರಿ ರೋಲಂಡ್ ಅವರೂ ಮೊದಲೇ ಇದೇ ಸಂಶಯದಿಂದ ಪ್ರಯೋಗ ಮಾಡಿ ಏನೂ ಕಾಣದೆ ಬಿಟ್ಟಿದ್ದರು. 1879ರಲ್ಲಿ ಹಾಲ್ ಗಾಜಿನ ಮೇಲೆ ಅಂಟಿಸಿದ ಚಿನ್ನದ ರೇಕನ್ನು ಬಲವಾದ ಆಯಸ್ಕಾಂತದ ಧ್ರುವಗಳ ನಡುವೆ ಇಟ್ಟು, ಉದ್ದಕ್ಕೆ ಕರೆಂಟ್ ಹರಿಸಿ, ಅಡ್ಡಲಾಗಿ ಎರಡು ಅಂಚುಗಳ ನಡುವೆ ಅಳೆದರು. ಅತಿ ಸೂಕ್ಷ್ಮವಾದ ಗ್ಯಾಲ್ವನೋಮೀಟರಿನ ಮುಳ್ಳು ಅಲುಗಿತು. ಎಲೆಕ್ಟ್ರಾನ್ ಎಂಬುದೊಂದಿದೆ ಎಂದು ಜೆ. ಜೆ. ಥಾಮ್ಸನ್ ತೋರಿಸಿದ್ದು 1897ರಲ್ಲಿ. ಹರಿಯುವುದು ಏನೆಂದು ಲೋಕಕ್ಕೆ ತಿಳಿಯುವ ಹದಿನೆಂಟು ವರ್ಷ ಮೊದಲೇ, ಹರಿಯುವುದನ್ನು ಪಕ್ಕಕ್ಕೆ ತಳ್ಳಬಹುದು ಎಂದು ಈ ತರುಣ ತೋರಿಸಿದ್ದ.

ಆಗುವುದು ಇಷ್ಟು. ರಥಬೀದಿಯಲ್ಲಿ ಜನ ಒಂದೇ ದಿಕ್ಕಿಗೆ ಹೋಗುತ್ತಿದ್ದಾರೆ ಎಂದುಕೊಳ್ಳಿ. ಪ್ರತಿಯೊಬ್ಬರನ್ನೂ ಯಾರೋ ಎಡದಿಂದ ಬಲಕ್ಕೆ ಮೆಲ್ಲಗೆ ತಳ್ಳುತ್ತಿದ್ದರೆ, ಬಲಗಡೆಯ ಅಂಗಡಿಗಳ ಮುಂದೆ ನೂಕುನುಗ್ಗಲು, ಎಡಗಡೆ ತೆರಪು. ಜನ ಮುಂದೆ ಹೋಗುವುದು ನಿಲ್ಲುವುದಿಲ್ಲ. ಆದರೆ ಎರಡು ಬದಿಗಳ ನಡುವೆ ಒಂದು ವ್ಯತ್ಯಾಸ ಹುಟ್ಟಿತು. ಹಾಲ್ ಸೆನ್ಸರಿನ ಪಟ್ಟಿಯಲ್ಲಿ ಎಲೆಕ್ಟ್ರಾನುಗಳು ಜನ, ತಳ್ಳುವುದು ಆಯಸ್ಕಾಂತ, ಎರಡು ಬದಿಗಳ ನಡುವಿನ ವ್ಯತ್ಯಾಸವೇ ವೋಲ್ಟೇಜ್. ತಳ್ಳು ಹೆಚ್ಚಾದಷ್ಟೂ ವೋಲ್ಟೇಜ್ ಹೆಚ್ಚು. ತಳ್ಳುವ ದಿಕ್ಕು ಬದಲಾದರೆ ವೋಲ್ಟೇಜಿನ ಚಿಹ್ನೆಯೂ ಬದಲು. ಚಿನ್ನದಂಥ ಲೋಹದಲ್ಲಿ ಎಲೆಕ್ಟ್ರಾನುಗಳ ಜಾತ್ರೆಯೇ ಇರುವುದರಿಂದ ಪ್ರತಿಯೊಂದೂ ತೀರ ನಿಧಾನ ಸಾಗುತ್ತದೆ, ತಳ್ಳಿನ ಪರಿಣಾಮವೂ ಅತಿ ಕಡಿಮೆ. ಅರೆವಾಹಕಗಳಲ್ಲಿ ಹರಿಯುವವು ಕಡಿಮೆ, ವೇಗ ಹೆಚ್ಚು. ಅಲ್ಲಿ ಇದೇ ಪರಿಣಾಮ ಕೈಗೆಟಕುವಷ್ಟು ದೊಡ್ಡದಾಗುತ್ತದೆ. 1960ರ ದಶಕದ ಕೊನೆಗೆ ಪಟ್ಟಿಯನ್ನೂ ಅದರ ಸಣ್ಣ ದನಿಯನ್ನು ಹಿಗ್ಗಿಸುವ ಆಂಪ್ಲಿಫೈಯರನ್ನೂ ಒಂದೇ ಸಿಲಿಕಾನ್ ಚೂರಿನ ಮೇಲೆ ಕೂರಿಸಿದ ಮೇಲೆ ಇದರ ಬೆಲೆ ಇಳಿಯುತ್ತ ಬಂತು.

ಇಂದು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇಂಥದೊಂದು ಸೆನ್ಸರ್ ಹೋಟೆಲಿನ ಮಸಾಲೆ ದೋಸೆಗಿಂತ ಅಗ್ಗ. ಕಪ್ಪಗೆ, ಹೆಸರುಕಾಳಿನಷ್ಟೇ ಇರುತ್ತದೆ, ಮೂರು ಕಾಲು. ಒಂದಕ್ಕೆ ವಿದ್ಯುತ್, ಒಂದು ಗ್ರೌಂಡ್, ಮೂರನೆಯದು ಉತ್ತರ ಹೇಳುವ ಕಾಲು. ಹೆಚ್ಚಾಗಿ ಸಿಗುವುದು ಎರಡು ಜಾತಿ. ಎ3144 ಎಂಬುದು ಹೌದು ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ. 49ಇ ಎಂಬುದು ಎಷ್ಟು ಎಂದು ಹೇಳುತ್ತದೆ: 5 ವೋಲ್ಟ್ ಕೊಟ್ಟರೆ ಸುಮ್ಮನಿರುವಾಗ 2.5 ವೋಲ್ಟ್ ಆಸುಪಾಸಿನಲ್ಲಿ ನಿಂತಿದ್ದು, ಒಂದು ಧ್ರುವ ಬಂದರೆ ಮೇಲಕ್ಕೆ, ಇನ್ನೊಂದು ಬಂದರೆ ಕೆಳಕ್ಕೆ ಹೋಗುತ್ತದೆ. ಸ್ಕೂಟರಿನ ಆಕ್ಸಿಲರೇಟರಿಗೆ ಬೇಕಾಗುವುದು ಈ ಎರಡನೆಯ ಜಾತಿ. ಬಾಗಿಲು ಮುಚ್ಚಿತೇ ಎಂದು ತಿಳಿಯಲು ಮೊದಲನೆಯದು ಸಾಕು.

ಶಾಲೆಗಳ ವಿಜ್ಞಾನ ಶಿಬಿರದಲ್ಲಿ ಮಕ್ಕಳ ಕೈಗೆ ಎ3144 ಕೊಟ್ಟಾಗಲೆಲ್ಲ ಅರ್ಧ ಮಕ್ಕಳು “ಸಾರ್, ಇದು ಕೆಟ್ಟಿದೆ” ಎಂದು ವಾಪಸು ತರುತ್ತಾರೆ. ಕೆಟ್ಟಿರುವುದಿಲ್ಲ. ಅಕ್ಷರ ಅಚ್ಚಾದ ಮುಖಕ್ಕೆ ದಕ್ಷಿಣ ಧ್ರುವ ಬಂದರಷ್ಟೇ ಅದು ಎಚ್ಚೆತ್ತುಕೊಳ್ಳುತ್ತದೆ. ಉತ್ತರ ಧ್ರುವವನ್ನು ಎಷ್ಟು ಒತ್ತಿ ಹಿಡಿದರೂ ಸುಮ್ಮನೆ ಕೂರುತ್ತದೆ. ಆಯಸ್ಕಾಂತವನ್ನು ಮಗುಚಿ ಹಿಡಿಯಿರಿ ಅಂದರೆ ಸಾಕು, ಎಲ್‌ಇಡಿ ಹೊತ್ತಿಕೊಳ್ಳುತ್ತದೆ. ಉಳಿದವರ ತಪ್ಪು ಬೇರೆ: ಉತ್ತರ ಹೇಳುವ ಕಾಲಿಗೂ ವಿದ್ಯುತ್ತಿನ ಕಾಲಿಗೂ ನಡುವೆ 10 ಕಿಲೋ ಓಮ್‌ನ ರೆಸಿಸ್ಟರ್ ಹಾಕಿರುವುದಿಲ್ಲ. ಈ ಸೆನ್ಸರ್ ತನ್ನ ಕಾಲನ್ನು ಕೆಳಕ್ಕೆ ಎಳೆಯಬಲ್ಲದು, ಮೇಲಕ್ಕೆ ಎತ್ತಲಾರದು. ಎತ್ತಿ ಹಿಡಿಯುವ ಕೆಲಸ ಆ ರೆಸಿಸ್ಟರಿನದು.

ಸೆನ್ಸರ್ ಅಗ್ಗ, ಸರಿ. ದುಬಾರಿ ಬೀಳುವುದು ದೂರ. ಇದು ಜನರಿಗೆ ಎಷ್ಟು ಹೇಳಿದರೂ ಮೊದಲಿಗೆ ನಂಬಿಕೆ ಬರುವುದಿಲ್ಲ. ಬೆಳಕು ಅಥವಾ ಶಬ್ದದಂತೆ ಆಯಸ್ಕಾಂತದ ಪ್ರಭಾವವೂ ದೂರ ಹೋಗುತ್ತ ಮೆಲ್ಲಗೆ ಕಡಿಮೆಯಾಗುತ್ತದೆ ಎಂದುಕೊಳ್ಳುತ್ತೇವೆ. ಅದು ಮೆಲ್ಲಗೆ ಇಳಿಯುವುದಿಲ್ಲ, ಕುಸಿಯುತ್ತದೆ. ಆಯಸ್ಕಾಂತದ ಗಾತ್ರಕ್ಕೆ ಹೋಲಿಸಿದರೆ ಸಾಕಷ್ಟು ದೂರ ಬಂದ ಮೇಲೆ, ದೂರ ಎರಡರಷ್ಟಾದರೆ ಬಲ ಎಂಟರಲ್ಲೊಂದು, ಮೂರರಷ್ಟಾದರೆ ಇಪ್ಪತ್ತೇಳರಲ್ಲೊಂದು. ಉತ್ತರ ಧ್ರುವದ ಕೆಲಸವನ್ನು ಬೆನ್ನಿಗೇ ಇರುವ ದಕ್ಷಿಣ ಧ್ರುವ ಅಳಿಸುತ್ತ ಹೋಗುವುದೇ ಇದಕ್ಕೆ ಕಾರಣ. ದೂರದಿಂದ ನೋಡುವವನಿಗೆ ಎರಡೂ ಒಂದೇ ಕಡೆ ಇದ್ದಂತೆ.

ಲೆಕ್ಕವನ್ನೇ ಹಾಕಿ ನೋಡೋಣ. ಅಂಗಿ ಗುಂಡಿಯಷ್ಟಿರುವ, 10 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪದ ನಿಯೋಡಿಮಿಯಮ್ ಆಯಸ್ಕಾಂತ ತೆಗೆದುಕೊಳ್ಳಿ. 1980ರ ದಶಕದ ಮೊದಲ ವರ್ಷಗಳಲ್ಲಿ ಜಪಾನಿನ ಮಸಾಟೊ ಸಗಾವಾ ಮತ್ತು ಅಮೆರಿಕದ ಜಾನ್ ಕ್ರೋಟ್ ಬೇರೆಬೇರೆಯಾಗಿ ಕಂಡುಕೊಂಡ ಈ ಬಗೆಯ ಆಯಸ್ಕಾಂತ, ಗಾತ್ರಕ್ಕೆ ಹೋಲಿಸಿದರೆ ಇಂದು ಸಿಗುವುದರಲ್ಲೇ ಬಲಶಾಲಿ. ಅದರ ಮುಖದ ಮೇಲೆ ಕಾಂತಕ್ಷೇತ್ರದ ಬಲ ಸುಮಾರು 300 ಮಿಲಿಟೆಸ್ಲಾ. ಒಂದು ಸೆಂಟಿಮೀಟರ್ ದೂರದಲ್ಲಿ 23. ಎರಡು ಸೆಂಟಿಮೀಟರಿನಲ್ಲಿ 4. ಐದು ಸೆಂಟಿಮೀಟರ್ ದೂರದಲ್ಲಿ, ಅಂದರೆ ಮೂರು ಬೆರಳು ಜೋಡಿಸಿದಷ್ಟು ಅಗಲದಲ್ಲಿ, ಒಂದು ಮಿಲಿಟೆಸ್ಲಾದ ಮೂರರಲ್ಲೊಂದು ಪಾಲು. ಹತ್ತು ಸೆಂಟಿಮೀಟರಿಗೆ ಹೋದರೆ ಸುಮಾರು 43 ಮೈಕ್ರೋಟೆಸ್ಲಾ. ಕರ್ನಾಟಕದಲ್ಲಿ ಭೂಮಿಯ ಸ್ವಂತ ಕಾಂತಕ್ಷೇತ್ರವೇ ಸುಮಾರು 40 ಮೈಕ್ರೋಟೆಸ್ಲಾ ಇದೆ. ಒಂದು ಮೀಟರ್ ದೂರದಲ್ಲಿ ನಮ್ಮ ಗುಂಡಿಯ ಪಾಲು ಭೂಮಿಯ ಪಾಲಿನ ಸಾವಿರದಲ್ಲೊಂದು.

ಈಗ ಸೆನ್ಸರುಗಳನ್ನು ಇದರ ಪಕ್ಕಕ್ಕೆ ಇಡಿ. ಎ3144 ಎಚ್ಚೆತ್ತುಕೊಳ್ಳಲು ಒಂದೊಂದು ಸೆನ್ಸರಿಗೂ ಬೇರೆ ಬೇರೆಯಾಗಿ 7ರಿಂದ 35 ಮಿಲಿಟೆಸ್ಲಾ ಬೇಕು. ಆದ್ದರಿಂದ ಅದರ ಅಳವು ಒಂದು, ಹೆಚ್ಚೆಂದರೆ ಒಂದೂವರೆ ಸೆಂಟಿಮೀಟರ್. 49ಇ ಒಂದು ಮಿಲಿಟೆಸ್ಲಾಕ್ಕೆ 14 ಮಿಲಿವೋಲ್ಟಿನಷ್ಟು ಅಲುಗುತ್ತದೆ. ಐದು ಸೆಂಟಿಮೀಟರ್ ದೂರದ ಗುಂಡಿ ಅದರಲ್ಲಿ 5 ಮಿಲಿವೋಲ್ಟಿನಷ್ಟೂ ಬದಲಾವಣೆ ತರುವುದಿಲ್ಲ. ಮಕ್ಕಳು ಬಳಸುವ ಆರ್ಡುಯಿನೊ ಬೋರ್ಡು ಗುರುತಿಸಬಲ್ಲ ಅತಿ ಸಣ್ಣ ಮೆಟ್ಟಿಲು ಕೂಡ ಅಷ್ಟೇ. ಅಲ್ಲಿಗೆ ಮುಗಿಯಿತು. ಮೂರು ಬೆರಳಿನ ಆಚೆ ಈ ಅಗ್ಗದ ಸೆನ್ಸರುಗಳಿಗೆ ಕತ್ತಲೆ.

ಇನ್ನೂ ದೂರ ಬೇಕೆಂದರೆ ಬಹಳ ಮಂದಿ ಹೆಚ್ಚು ಬೆಲೆಯ ಸೆನ್ಸರ್ ಹುಡುಕಲು ಹೊರಡುತ್ತಾರೆ. ನಾನು ಹೇಳುವುದು ಮೊದಲು ಆಯಸ್ಕಾಂತವನ್ನು ದೊಡ್ಡದು ಮಾಡಿ ಎಂದು. ಅಲ್ಲಿಯೂ ಲೆಕ್ಕ ಕರುಣೆ ತೋರುವುದಿಲ್ಲ: ಎಲ್ಲ ಅಳತೆಗಳನ್ನೂ ಎರಡರಷ್ಟು ಮಾಡಿ ಎಂಟು ಪಟ್ಟು ಲೋಹ ಸುರಿದರೆ ಸಿಗುವುದು ಎರಡು ಪಟ್ಟು ದೂರ. ಆದರೂ ಇದು ಕೆಲಸಕ್ಕೆ ಬರುವ ದಾರಿ. ಹೈನುಗಾರಿಕೆ ಬಲ್ಲವರಿಗೆ ಇದರ ಒಂದು ಸುಂದರ ಉದಾಹರಣೆ ಗೊತ್ತಿರಬಹುದು. ಹಸು ಮೇವಿನ ಜೊತೆ ಮೊಳೆ, ತಂತಿಯ ತುಂಡು ನುಂಗುತ್ತದೆ. ಅದು ಎರಡನೆಯ ಹೊಟ್ಟೆಯಲ್ಲಿ ಕೂತು, ಗೋಡೆ ಚುಚ್ಚಿ, ಕೆಲವೊಮ್ಮೆ ಹೃದಯದವರೆಗೂ ಹೋಗುತ್ತದೆ. ಅದನ್ನು ತಡೆಯಲು ಪಶುವೈದ್ಯರು ಬೆರಳುದ್ದದ ನಯವಾದ ಆಯಸ್ಕಾಂತವೊಂದನ್ನು ಹಸುವಿಗೆ ನುಂಗಿಸುವುದುಂಟು. ಹಸು ಬದುಕಿರುವಷ್ಟು ದಿನ ಅದು ಅಲ್ಲೇ ಉಳಿದು ಮೊಳೆಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಈ ಹಸುವಿಗೆ ಮೊದಲೇ ಹಾಕಿದ್ದಾರೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಎಡ ಮುಂಗಾಲಿನ ಮೊಣಕೈ ಹಿಂದೆ, ಎದೆಯ ಕೆಳಭಾಗದಲ್ಲಿ ಸಾಧಾರಣ ದಿಕ್ಸೂಚಿಯೊಂದನ್ನು ಹಿಡಿದರೆ ಮುಳ್ಳು ಸರಕ್ಕನೆ ತಿರುಗುತ್ತದೆ. ಚರ್ಮ, ಮಾಂಸ, ಹೊಟ್ಟೆಯ ಗೋಡೆ ಯಾವುದೂ ಅಡ್ಡಿಯಲ್ಲ. ಆಯಸ್ಕಾಂತದ ಈ ಗುಣವೇ ಅದನ್ನು ಇಷ್ಟು ಉಪಯುಕ್ತ ಮಾಡಿರುವುದು: ನೀರು, ಕೊಳಕು, ಎಣ್ಣೆ, ಪ್ಲಾಸ್ಟಿಕ್, ಮರ, ಕತ್ತಲೆ ಯಾವುದಕ್ಕೂ ಅದು ಮರೆಯಾಗುವುದಿಲ್ಲ. ಮರೆಮಾಡಬಲ್ಲವು ಕಬ್ಬಿಣದಂಥ ಕೆಲವೇ ಲೋಹಗಳು, ಮತ್ತು ದೂರ.

ಸಾವಿರ ಪಟ್ಟು ಸೂಕ್ಷ್ಮವಾದ ಇನ್ನೊಂದು ಸೆನ್ಸರ್ ನಿಮ್ಮ ಜೇಬಿನಲ್ಲೇ ಇದೆ. ಫೋನಿನಲ್ಲಿ ನಕ್ಷೆ ತೆರೆದಾಗ ಬಾಣ ನೀವು ನಿಂತ ದಿಕ್ಕಿಗೆ ತಿರುಗುವುದು ಮೂರು ದಿಕ್ಕುಗಳಲ್ಲೂ ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರಿನಿಂದ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿರುವ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಹಾಕಿಕೊಂಡರೆ ಅಂಕಿಗಳನ್ನು ನೇರವಾಗಿ ಕಾಣಬಹುದು. ಫೋನನ್ನು ಮರದ ಮೇಜಿನ ಮೇಲೆ ಇಡಿ. ಒಟ್ಟು ಮೌಲ್ಯ 40 ಮೈಕ್ರೋಟೆಸ್ಲಾ ಆಸುಪಾಸಿನಲ್ಲಿ ನಿಲ್ಲುತ್ತದೆ. ಫ್ರಿಜ್ಜಿಗೆ ಅಂಟಿಸುವ ಆಯಸ್ಕಾಂತವನ್ನು ನಿಧಾನವಾಗಿ ಹತ್ತಿರ ತನ್ನಿ. ಬಹಳ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಅಂಕಿ ಹರಿದಾಡುತ್ತದೆ. ಕೊನೆಯ ಒಂದೆರಡು ಅಂಗುಲದಲ್ಲಿ ಜಿಗಿಯುತ್ತದೆ. ದೂರ ಎರಡರಷ್ಟಾದರೆ ಬಲ ಎಂಟರಲ್ಲೊಂದು ಎಂಬ ಘನದ ನಿಯಮವನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಇದನ್ನು ಒಮ್ಮೆ ಕಣ್ಣಾರೆ ನೋಡುವುದು ಮೇಲು. ಬಲವಾದ ಆಯಸ್ಕಾಂತವನ್ನು ಮಾತ್ರ ಫೋನಿಗೆ ಅಂಟಿಸಬೇಡಿ, ದಿಕ್ಕು ತಪ್ಪುತ್ತದೆ. ತಪ್ಪಿದರೆ ಫೋನನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ಕೆಲವು ಸಲ ಆಡಿಸಿ ಸರಿಪಡಿಸಿಕೊಳ್ಳಬಹುದು.

ಇಷ್ಟು ಸೂಕ್ಷ್ಮವಾದ ಸೆನ್ಸರಿಗೆ ತೊಂದರೆ ಬೇರೆಯದೇ. ಅದಕ್ಕೆ ಎಲ್ಲವೂ ಕೇಳಿಸುತ್ತದೆ. ಫೋನನ್ನು ಸುಮ್ಮನೆ ತಿರುಗಿಸಿದರೂ ಒಂದೊಂದು ದಿಕ್ಕಿನ ಅಂಕಿ ಭೂಮಿಯ ಲೆಕ್ಕದಲ್ಲೇ ಏರಿಳಿಯುತ್ತದೆ. ಮಂಚದ ಕಬ್ಬಿಣ, ಗೋಡೆಯೊಳಗಿನ ಸರಳು, ಟಿವಿಯ ಸ್ಪೀಕರ್, ಓಡುವ ಕಾರು ಎಲ್ಲವೂ ಅದರಲ್ಲಿ ಮೂಡುತ್ತವೆ. ಇದು ಇಂದಿನ ಗೋಳಲ್ಲ. ಮುಂಬಯಿಯ ಕೊಲಾಬಾದಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ಭೂಮಿಯ ಕಾಂತಕ್ಷೇತ್ರ ಅಳೆಯುತ್ತಿದ್ದ ವೀಕ್ಷಣಾಲಯಕ್ಕೆ, ಊರಿನ ಕುದುರೆ ಟ್ರಾಮುಗಳು ವಿದ್ಯುತ್ ಟ್ರಾಮುಗಳಾಗುವ ಸುದ್ದಿ ಬಂದಾಗ ಗಾಬರಿಯಾಯಿತು. ಹಳಿಗಳಲ್ಲಿ ಹರಿಯುವ ಕರೆಂಟು ಅಳತೆಯನ್ನೆಲ್ಲ ಕೆಡಿಸುತ್ತದೆ. 1904ರಲ್ಲಿ ಕಾಂತ ಅಳೆಯುವ ಕೆಲಸ ಕಡಲಿನ ಆಚೆ ದಡದ ಅಲಿಬಾಗಿಗೆ ಹೋಯಿತು. ಅಲ್ಲಿನ ಕಟ್ಟಡವನ್ನು ಕಾಂತಕ್ಕೆ ಸ್ಪಂದಿಸದ ಕಲ್ಲು, ಲೋಹಗಳನ್ನೇ ಆರಿಸಿ ಕಟ್ಟಿದರು. ಸೂಕ್ಷ್ಮವಾಗಿ ಕೇಳಬೇಕೆಂದರೆ ಊರನ್ನೇ ಬಿಡಬೇಕಾಯಿತು.

ಫೋನಿನ ಈ ಸೆನ್ಸರಿನ ಹೆಸರಿನಲ್ಲಿ ಜನರಿಗೆ ಹೇಳುವ ಸುಳ್ಳುಗಳ ಬಗ್ಗೆ ನನಗೆ ನಿಜವಾದ ಸಿಟ್ಟಿದೆ. ಲಾಡ್ಜಿನ ಕೋಣೆಯಲ್ಲಿ ಅಡಗಿಸಿಟ್ಟ ಕ್ಯಾಮೆರಾ ಪತ್ತೆ ಹಚ್ಚುತ್ತೇವೆ ಎನ್ನುವ ಆ್ಯಪ್‌ಗಳಲ್ಲಿ ಹಲವು ಓದುವುದು ಇದೇ ಮ್ಯಾಗ್ನೆಟೋಮೀಟರನ್ನು. ಸಣ್ಣ ಕ್ಯಾಮೆರಾ ಒಂದು ಕೈಯಳತೆ ದೂರದಲ್ಲಿ ಹೇಳಿಕೊಳ್ಳುವಂಥ ಕಾಂತಕ್ಷೇತ್ರವನ್ನೇ ಹರಡುವುದಿಲ್ಲ. ಮಂಚದ ಮೊಳೆಗೆ ಆ್ಯಪ್ ಕೂಗುತ್ತದೆ, ಕ್ಯಾಮೆರಾ ಇದ್ದಲ್ಲಿ ಸುಮ್ಮನಿರುತ್ತದೆ. ಹೆದರಿದ ಹೆಣ್ಣುಮಗಳೊಬ್ಬಳು ಆ ಮೌನವನ್ನು ನಂಬಿ ನಿಶ್ಚಿಂತಳಾಗುವುದು ಸಣ್ಣ ಅನ್ಯಾಯವಲ್ಲ. ಭೂಮಿಯಲ್ಲಿ ಹೂತ ಚಿನ್ನ ತೋರಿಸುವ ಆ್ಯಪ್‌ಗಳದ್ದು ಇನ್ನೂ ಹಸಿ ಸುಳ್ಳು. ಚಿನ್ನ ಆಯಸ್ಕಾಂತಕ್ಕೆ ಅಂಟುವುದಿಲ್ಲ, ತಾನಾಗಿ ಕಾಂತಕ್ಷೇತ್ರವನ್ನು ಹರಡುವುದೂ ಇಲ್ಲ. ನಿಧಿಯ ಆಸೆಗೆ ಹಳೆಯ ಗುಡಿಗಳ ನೆಲ ಅಗೆಯುವವರಿರುವ ನಾಡಿನಲ್ಲಿ ಇದನ್ನು ಮತ್ತೆ ಮತ್ತೆ ಹೇಳಬೇಕು.

ಹಾಲ್ ಅಲ್ಲದೆ ಬೇರೆ ಸೆನ್ಸರುಗಳೂ ಇವೆ. ಕಾಂತಕ್ಷೇತ್ರದಲ್ಲಿ ಕಬ್ಬಿಣದಂಥ ಲೋಹದ ವಿದ್ಯುತ್ ತಡೆ ತುಸು ಬದಲಾಗುತ್ತದೆ ಎಂದು ಮುಂದೆ ಕೆಲ್ವಿನ್ ಎನಿಸಿಕೊಂಡ ವಿಲಿಯಂ ಥಾಮ್ಸನ್ 1850ರ ದಶಕದಲ್ಲೇ ಕಂಡಿದ್ದರು. ಪದರ ಪದರವಾಗಿ ಜೋಡಿಸಿದ ಲೋಹಗಳಲ್ಲಿ ಆ ಬದಲಾವಣೆ ಬಹಳ ದೊಡ್ಡದಾಗುವುದನ್ನು 1988ರಲ್ಲಿ ಕಂಡ ಆಲ್ಬರ್ಟ್ ಫೆರ್ಟ್ ಮತ್ತು ಪೀಟರ್ ಗ್ರುನ್‌ಬರ್ಗ್ ಅವರಿಗೆ 2007ರಲ್ಲಿ ನೊಬೆಲ್ ಬಂತು. ಮುಂದೆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಓದುವ ಸೂಜಿಯಾಗಿ ಬಳಕೆಗೆ ಬಂದದ್ದು ಅದೇ. ಮನೆ ಬಳಕೆಯ ಮಾತಿಗೆ ಇಷ್ಟು ಸಾಕು.

ಎಲೆಕ್ಟ್ರಿಷಿಯನ್ ಹುಡುಗನ ಪ್ರಶ್ನೆಗೆ ಮರಳುತ್ತೇನೆ. ಸೆನ್ಸರ್ ನೀರನ್ನು ನೋಡುವುದಿಲ್ಲ ಎಂಬುದು ನಮ್ಮ ಅಂಗಳಕ್ಕೆ ಮುಗಿಯುವ ಮಾತಲ್ಲ.

ಮಳೆಮಾಪಕ ನೋಡಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿ ಮಟ್ಟದವರೆಗೆ ತಾನಾಗಿ ವರದಿ ಕಳಿಸುವ ಮಳೆಮಾಪಕಗಳ ದೊಡ್ಡ ಜಾಲವನ್ನೇ ಹೊಂದಿದೆ. ಅಡಿಕೆ, ಕಾಳುಮೆಣಸು ಬೆಳೆಗಾರರ ಹವಾಮಾನ ಆಧಾರಿತ ಬೆಳೆ ವಿಮೆ ನಿಂತಿರುವುದು ಇಂಥ ಅಂಕಿಗಳ ಮೇಲೆ. ಲೋಕದಲ್ಲೆಲ್ಲ ಹೆಚ್ಚು ಬಳಕೆಯಲ್ಲಿರುವ ಸ್ವಯಂಚಾಲಿತ ಮಳೆಮಾಪಕದ ಒಳಗಿನ ಕೆಲಸ ಹೀಗಿದೆ. ಮಕ್ಕಳು ಆಡುವ ಏತದ ಹಲಗೆಯಂತೆ ಎರಡು ಪುಟ್ಟ ಬಟ್ಟಲು. ಆಲಿಕೆಯಿಂದ ಇಳಿದ ನೀರು ಒಂದನ್ನು ತುಂಬಿದ ಕೂಡಲೇ ಅದು ವಾಲಿ ಸುರಿದು, ಇನ್ನೊಂದು ಮೇಲೆ ಬರುತ್ತದೆ. ಪ್ರತಿ ವಾಲಿಕೆಗೂ ಅದರ ಮೈಗಂಟಿದ ಆಯಸ್ಕಾಂತ ಒಂದು ರೀಡ್ ಸ್ವಿಚ್ಚಿನ ಮುಂದೆ ಹಾದುಹೋಗುತ್ತದೆ. ಒಂದು ‘ಟಿಕ್’ ಎಂದರೆ ಇಷ್ಟು ಮಿಲಿಮೀಟರ್ ಮಳೆ ಎಂದು ಲೆಕ್ಕ. ಆಲಿಕೆಯಲ್ಲಿ ಒಣಗಿದ ಎಲೆ ಕೂತರೆ, ಜೇಡ ಬಲೆ ಕಟ್ಟಿದರೆ, ಇರುವೆ ಗೂಡು ಮಾಡಿದರೆ ಹೊರಗೆ ಧೋ ಎಂದು ಸುರಿಯುತ್ತಿದ್ದರೂ ಒಳಗೆ ‘ಟಿಕ್’ ಇಲ್ಲ. ಸ್ವಿಚ್ ಹೇಳಿದ್ದು ‘ಆಯಸ್ಕಾಂತ ಬರಲಿಲ್ಲ’ ಎಂದು. ಕಾಗದದಲ್ಲಿ ಅದು ‘ಮಳೆ ಬರಲಿಲ್ಲ’ ಎಂದಾಗುತ್ತದೆ. ಈ ಎರಡು ವಾಕ್ಯಗಳ ನಡುವೆ ಒಬ್ಬ ರೈತನ ವರ್ಷದ ದುಡಿಮೆ ಇರಬಹುದು. ಆದ್ದರಿಂದ ಆಲಿಕೆ ತೊಳೆಯುವ ವೇಳಾಪಟ್ಟಿಯೂ ಅಕ್ಕಪಕ್ಕದ ಮಾಪಕಗಳ ಜೊತೆ ತಾಳೆ ನೋಡುವ ಕ್ರಮವೂ ಯಂತ್ರದಷ್ಟೇ ಮುಖ್ಯ, ಮತ್ತು ಅವೆರಡನ್ನೂ ಬೆಳೆಗಾರ ಕೇಳಿ ನೋಡುವಂತಿರಬೇಕು.

ಕರೆಂಟ್ ಮೀಟರಿನದು ಇನ್ನೂ ನಾಜೂಕಿನ ಸಂಗತಿ. ಬಲವಾದ ಆಯಸ್ಕಾಂತವನ್ನು ಮೀಟರಿಗೆ ಅಂಟಿಸಿದರೆ ಒಳಗಿನ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಕಾಂತದಿಂದ ತುಂಬಿಹೋಗಿ, ಹರಿದ ಕರೆಂಟು ಕಡಿಮೆ ದಾಖಲಾಗಬಹುದು. ಇದನ್ನು ಕಳ್ಳತನಕ್ಕೆ ಬಳಸಿದವರಿದ್ದಾರೆ. ಹಾಗಾಗಿ ಈಗಿನ ಮೀಟರುಗಳಲ್ಲಿ ಹೊರಗಿನ ಕಾಂತವನ್ನು ಗುರುತಿಸುವ ವ್ಯವಸ್ಥೆ ಇದ್ದು, ಅಂಥ ಘಟನೆ ದಾಖಲಾಗುತ್ತದೆ. ಇದು ಒಳ್ಳೆಯದೇ, ಕದ್ದ ಕರೆಂಟಿನ ಹೊರೆ ಬೀಳುವುದು ಪ್ರಾಮಾಣಿಕವಾಗಿ ಬಿಲ್ ಕಟ್ಟುವವರ ಮೇಲೆ. ಆದರೆ 2003ರ ವಿದ್ಯುತ್ ಕಾಯ್ದೆಯ 135ನೆಯ ಕಲಮಿನಲ್ಲಿ ಕಳ್ಳತನಕ್ಕೆ ಮೂರು ವರ್ಷದವರೆಗೆ ಸೆರೆವಾಸವಿದೆ. ಅಷ್ಟು ದೊಡ್ಡ ಮಾತನ್ನು ಬೆರಳ ತುದಿಯಷ್ಟಿನ ಸೆನ್ಸರಿನ ಹೆಗಲಿಗೆ ಹೊರಿಸಬಾರದು. ಸೆನ್ಸರಿಗೆ ಕಳ್ಳ ಗೊತ್ತಿಲ್ಲ, ಗೊತ್ತಿರುವುದು ಕಾಂತಕ್ಷೇತ್ರ. ಎಷ್ಟು ಹೊತ್ತು ಇತ್ತು, ಆಗ ಬಳಕೆ ನಿಜಕ್ಕೂ ಕುಸಿದಿತ್ತೇ, ಸೀಲು ಸರಿಯಿದೆಯೇ, ಮೀಟರಿನ ಹಿಂದುಗಡೆ ಗೋಡೆಗೆ ಯಾರಾದರೂ ದೊಡ್ಡ ಸ್ಪೀಕರ್ ಒರಗಿಸಿದ್ದರೇ ಎಂದು ಮನುಷ್ಯರೇ ನೋಡಬೇಕು. ದ್ವಿಗುಣ ದೂರಕ್ಕೆ ಎಂಟರಲ್ಲೊಂದು ಎಂಬ ಲೆಕ್ಕ ಗೊತ್ತಿದ್ದವರಿಗೆ, ಸ್ಪೀಕರಿನ ಸಬೂಬು ಯಾವಾಗ ನಿಜವಿರಬಹುದು, ಯಾವಾಗ ಸಾಧ್ಯವೇ ಇಲ್ಲ ಎಂಬುದೂ ತಿಳಿಯುತ್ತದೆ. ಗ್ರಾಹಕನನ್ನು ಕಾಪಾಡುವುದಕ್ಕೂ ಕಳ್ಳನನ್ನು ಹಿಡಿಯುವುದಕ್ಕೂ ಬೇಕಾದದ್ದು ಒಂದೇ ತಿಳಿವಳಿಕೆ.

ಕೊನೆಯದು ಎದೆಯೊಳಗಿನ ಸೆನ್ಸರ್. ಪೇಸ್‌ಮೇಕರಿನಲ್ಲಿ ಆಯಸ್ಕಾಂತ ಗುರುತಿಸುವ ರೀಡ್ ಸ್ವಿಚ್ಚೋ ಹಾಲ್ ಸೆನ್ಸರೋ ಅಂಥದ್ದೇ ಇನ್ನೊಂದೋ ಇರುತ್ತದೆ. ವೈದ್ಯರು ಎದೆಯ ಮೇಲೆ ಆಯಸ್ಕಾಂತ ಇಟ್ಟಾಗ ಪೇಸ್‌ಮೇಕರ್ ಸಾಮಾನ್ಯವಾಗಿ ಹೃದಯದ ಸ್ವಂತ ಬಡಿತಕ್ಕೆ ಕಿವಿಗೊಡುವುದನ್ನು ಬಿಟ್ಟು ಒಂದೇ ಲಯದಲ್ಲಿ ಬಡಿಯತೊಡಗುತ್ತದೆ. ಷಾಕ್ ಕೊಟ್ಟು ಜೀವ ಉಳಿಸುವ ಡಿಫಿಬ್ರಿಲೇಟರ್ ಆದರೆ ಆಯಸ್ಕಾಂತ ಇರುವಷ್ಟು ಹೊತ್ತು ಷಾಕ್ ತಡೆಹಿಡಿಯುತ್ತದೆ. ಪರೀಕ್ಷೆಗೆ, ಶಸ್ತ್ರಚಿಕಿತ್ಸೆಗೆ ಇದು ಬೇಕು. ಆದರೆ ಬಂದದ್ದು ವೈದ್ಯರ ಆಯಸ್ಕಾಂತವೋ ಬೇರೆಯದೋ ಎಂದು ಆ ಸೆನ್ಸರಿಗೆ ಭೇದವಿಲ್ಲ. 2020ರಲ್ಲಿ ಬಂದ ಐಫೋನ್ 12ರಿಂದ ಈಚೆಗೆ ಬೆನ್ನಿನಲ್ಲಿ ಆಯಸ್ಕಾಂತದ ಬಳೆಯಿರುವ ಫೋನುಗಳು ಹೆಚ್ಚಿವೆ. ಇಂಥ ಫೋನು, ಸ್ಮಾರ್ಟ್ ವಾಚುಗಳನ್ನು ಎದೆಯ ಸಾಧನದಿಂದ ಆರು ಅಂಗುಲ, ಅಂದರೆ 15 ಸೆಂಟಿಮೀಟರ್ ದೂರ ಇಡಿ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2021ರಲ್ಲಿ ಹೇಳಿತು. ದೂರವಾದಂತೆ ಕಾಂತ ಎಷ್ಟು ಬೇಗ ಕುಸಿಯುತ್ತದೆಂದು ಮೇಲೆ ನೋಡಿದೆವಲ್ಲ. ಇಲ್ಲಿ ಅದೇ ಕುಸಿತ ರಕ್ಷಣೆಗೆ ನಿಲ್ಲುತ್ತದೆ. ನಿಮ್ಮ ಮನೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡ ಹಿರಿಯರಿದ್ದರೆ, ಅಂಗಿಯ ಎಡಜೇಬಿನಲ್ಲಿ ಫೋನ್ ಇಡುವ ಅಭ್ಯಾಸವನ್ನು ಇವತ್ತೇ ಬಿಡಿಸಿ. ಪ್ಯಾಂಟಿನ ಜೇಬು ಸಾಕು.

ನಮ್ಮ ಟ್ಯಾಂಕಿನ ಹಳೆಯ ಸೆನ್ಸರ್ ಮತ್ತೆ ಮೇಲೇರಿದೆ. ಅದರ ಕೊಳವೆಯನ್ನು ಮೂರು ತಿಂಗಳಿಗೊಮ್ಮೆ ಹುಣಸೆಹಣ್ಣಿನ ನೀರಿನಲ್ಲಿ ಉಜ್ಜುತ್ತೇವೆ, ಹೊಪ್ಪಳೆ ಬಿಟ್ಟುಕೊಳ್ಳುತ್ತದೆ. ಮೊನ್ನೆ ಪಕ್ಕದ ಬೀದಿಯಲ್ಲಿ ಆ ಹುಡುಗ ಸಿಕ್ಕಿದ್ದ, ಇನ್ನೊಬ್ಬರ ಮನೆಯ ಮಹಡಿಯ ಮೇಲೆ. ಹಳೆಯ ಸ್ಪೀಕರಿನಿಂದ ಕಿತ್ತ ಆಯಸ್ಕಾಂತದ ತುಂಡೊಂದನ್ನು ಟೆಸ್ಟರಿನ ಜೊತೆ ಜೇಬಿನಲ್ಲಿ ಇಟ್ಟುಕೊಂಡಿದ್ದ. ಬಿಚ್ಚಿದ ಫ್ಲೋಟ್ ಸ್ವಿಚ್ಚನ್ನು ಕಿವಿಗೆ ಹಿಡಿದು, ಆ ತುಂಡನ್ನು ಕೊಳವೆಯ ಉದ್ದಕ್ಕೂ ಮೆಲ್ಲಗೆ ಆಡಿಸುತ್ತಿದ್ದ. ಕೆಳಗೆ ನಿಂತ ಮನೆಯೊಡತಿಗೆ ಕೂಗಿ ಹೇಳಿದ: “ಅಮ್ಮಾ, ಸ್ವಿಚ್ ಚೆನ್ನಾಗಿದೆ. ಹೊಸದು ಬೇಡ. ಒಂದು ಹಳೇ ಟೂತ್‌ಬ್ರಷ್ ಕೊಡಿ.”